ಅಟ್ಟದಿಂದ ಇಳಿದ ರಿಮೋಟು

ಹೋದ ದೀಪಾವಳಿಗೆ ಮುಂಚೆ ನಮ್ಮ ಮನೆಯ ಅಟ್ಟ ಖಾಲಿಯಾಯಿತು. ಅಟ್ಟ ಖಾಲಿ ಮಾಡುವಾಗ ಗಂಡಹೆಂಡಿರಲ್ಲಿ ಒಂದು ಸಣ್ಣ ಜಗಳವಾಗುವುದೂ ಹಬ್ಬದ ವಿಧಿಗಳಲ್ಲಿ ಒಂದೆಂಬುದನ್ನು ಸಂಸಾರಸ್ಥರಾದ ವಾಚಕರು ಬಲ್ಲರು. ನಮ್ಮಲ್ಲಿ ಆ ಜಗಳಕ್ಕೆ ಕಾರಣವಾದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಹಳದಿಗಟ್ಟಿದ ಒಂದು ವಿಡಿಯೋ ಗೇಮ್ ಯಂತ್ರ, ಎರಡು ಕ್ಯಾಸೆಟ್ಟು, ತಂತಿ ಸುತ್ತಿಟ್ಟ ಒಂದು ರಿಮೋಟು, ಇಷ್ಟು ಇದ್ದವು.

“ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದ ಸಾಮಾನು. ಕಬಾಡಿಯವ ಕೆಳಗೇ ನಿಂತಾನ, ಕೊಟ್ಟುಬಿಡ್ರಿ,” ಎಂದಳು ನನ್ನಾಕೆ.

ಯಂತ್ರವನ್ನು ಕೊಟ್ಟೆ, ಅದು ನಿಜವಾಗಿಯೂ ಸತ್ತಿತ್ತು. ಕ್ಯಾಸೆಟ್ಟುಗಳನ್ನೂ ಕೊಟ್ಟೆ. ರಿಮೋಟನ್ನು ಮಾತ್ರ ಯಾರಿಗೂ ಕಾಣದಂತೆ ಜೇಬಿಗೆ ಇಳಿಬಿಟ್ಟುಕೊಂಡೆ. ಆಗ ಅದು ಬರಿಯ ಮಮತೆ. ಆದರೆ ಅದೇ ರಿಮೋಟು ಈಗ ನಮ್ಮ ತಂದೆಯವರಿಗೆ ಪ್ರತಿನಿತ್ಯ ಪುಸ್ತಕದ ಪುಟ ತಿರುವಿಕೊಡುತ್ತಿದೆ. ಇದು ಹೇಗಾಯಿತೆಂದು ಹೇಳುವುದೇ ಈ ಲೇಖನದ ಉದ್ದೇಶ.

ನನ್ನ ವಯಸ್ಸಿನವರಿಗೆ ಆ ಯಂತ್ರದ ಪರಿಚಯ ಬೇಕಾಗಿಲ್ಲ. ಹಿರಿಯರಿಗೂ ಕಿರಿಯರಿಗೂ ಎರಡು ಮಾತು ಹೇಳಬೇಕು. ಜಪಾನಿನ ನಿಂಟೆಂಡೋ ಕಂಪನಿಯು ೧೯೮೩ರ ಜುಲೈ ೧೫ರಂದು ‘ಫ್ಯಾಮಿಕಾಂ’ ಎಂಬ ಯಂತ್ರವನ್ನು ಹೊರತಂದಿತು. ಮನೆಯ ಟಿ.ವಿ.ಗೆ ಜೋಡಿಸಿಕೊಂಡು ಆಟವಾಡುವ ಯಂತ್ರ ಅದು. ೧೯೮೫ರಲ್ಲಿ ಅದೇ ಯಂತ್ರ ಬೇರೆ ಅಂಗಿ ತೊಟ್ಟು ‘ಎನ್.ಇ.ಎಸ್.’ ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋಯಿತು. ೧೯೯೦ರ ದಶಕದಲ್ಲಿ ನಮ್ಮ ನಮ್ಮ ಮನೆಗಳಿಗೆ ಬಂದವುಗಳು ಬಹುಮಟ್ಟಿಗೆ ಅದರ ವಂಶಕ್ಕೆ ಸೇರಿದ ಅಗ್ಗದ ಯಂತ್ರಗಳೇ. ಸಮುರಾಯ್, ಮೀಡಿಯಾ ಎಂಬ ಹೆಸರುಗಳು ಅನೇಕರ ನೆನಪಿನಲ್ಲಿರಬಹುದು. ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸಗಾರನನ್ನು ಹಾರಿಸುತ್ತ, ಕಾಂಟ್ರಾ ಆಟದಲ್ಲಿ ಗುಂಡು ಹಾರಿಸುತ್ತ, ಬೇಸಿಗೆಯ ರಜೆಯನ್ನೆಲ್ಲ ಕಳೆದವರು ನಾವು. ಕೈಯಲ್ಲಿ ಹಿಡಿಯುವ ಗುಂಡಿಗಳ ಹಲಗೆಗೆ ಬಲ್ಲವರು ಕಂಟ್ರೋಲರ್ ಎನ್ನುವರು. ಅಂಗಡಿಯವರು ಜಾಯ್‌ಸ್ಟಿಕ್ ಎನ್ನುತ್ತಿದ್ದರು. ನಾವು ಹುಡುಗರು ರಿಮೋಟ್ ಎಂದೇ ಕರೆದೆವು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಆ ರಿಮೋಟಿನ ಎಡಭಾಗದಲ್ಲಿ ಪ್ಲಸ್ ಗುರುತಿನ ಆಕಾರದ ಒಂದು ಗುಂಡಿಯುಂಟು. ಹೆಬ್ಬೆರಳನ್ನು ಅದರ ಮೇಲಿಟ್ಟು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒತ್ತಬಹುದು. ನಿಂಟೆಂಡೋದ ಗುನ್‌ಪೇ ಯೊಕೊಯಿ ಎಂಬ ಎಂಜಿನಿಯರರು ಇದನ್ನು ರೂಪಿಸಿ, ೧೯೮೨ರಲ್ಲಿ ಅಂಗೈಯಗಲದ ಆಟಿಕೆಯೊಂದರಲ್ಲಿ ಮೊದಲು ಅಳವಡಿಸಿದರು. ಕಣ್ಣಿಂದ ನೋಡದೆ ಬರಿಯ ಹೆಬ್ಬೆರಳಿಗೇ ದಿಕ್ಕು ತಿಳಿಯುವುದು ಇದರ ಗುಣ. ಹಳೆಯದಾಗಿ, ಅಗ್ಗವಾಗಿ, ಎಲ್ಲರಿಗೂ ತಿಳಿದುಹೋದ ಸಾಮಗ್ರಿಯನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂಬುದು ಯೊಕೊಯಿಯವರ ನಂಬಿಕೆಯಾಗಿತ್ತು. ಅವರು ೧೯೯೭ರಲ್ಲಿ ತೀರಿಕೊಂಡರು. ಹೈದರಾಬಾದಿನ ಒಂದು ಮನೆಯಲ್ಲಿ ಆ ನಂಬಿಕೆ ಹೀಗೆ ಫಲಿಸೀತೆಂದು ಅವರು ಎಣಿಸಿರಲಾರರು.

ಇನ್ನು ನಮ್ಮ ತಂದೆಯವರ ವಿಷಯ. ಅವರು ಕಲಬುರಗಿ ಸೀಮೆಯವರು. ಕೆಲಸಕ್ಕಾಗಿ ಈ ಊರಿಗೆ ಬಂದು ಕಾಚಿಗುಡದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದವರು. ಊಟವಿಲ್ಲದೆ ಒಂದು ಹೊತ್ತು ಇದ್ದಾರು, ಕನ್ನಡ ಪುಸ್ತಕವಿಲ್ಲದೆ ಇರಲಾರರು. ಈಚೆಗೆ ಕೆಲವು ವರ್ಷಗಳಿಂದ ಅವರಿಗೆ ಕೈನಡುಕ. ಔಷಧಿ ನಡೆದಿದೆ, ನಡುಕ ಕಡಿಮೆಯಾಗಿದೆ, ಹೋಗಿಲ್ಲ. ದಪ್ಪ ಪುಸ್ತಕವನ್ನು ಹಿಡಿದರೆ ಅಕ್ಷರಗಳು ಕುಣಿಯುತ್ತವೆ. ಪುಟ ತಿರುವಲು ಹೋದರೆ ಐದು ಹಾಳೆ ಒಟ್ಟಿಗೆ ಬರುತ್ತವೆ.

ಪುಸ್ತಕಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಓದಿಸಬಹುದೆಂದು ನನಗೆ ಹೊಳೆಯಿತು. ಸಾಮಗ್ರಿಗೇನೂ ಕೊರತೆಯಿಲ್ಲ. ಭಾರತದ ಡಿಜಿಟಲ್ ಗ್ರಂಥಾಲಯ ಎಂಬ ಯೋಜನೆಯಲ್ಲಿ ನಮ್ಮ ಊರಿನ ಐ.ಐ.ಐ.ಟಿ. ಸಂಸ್ಥೆಯೂ ಸೇರಿಕೊಂಡು ಅಸಂಖ್ಯಾತ ಹಳೆಯ ಗ್ರಂಥಗಳ ಪುಟಪುಟವನ್ನೂ ಚಿತ್ರ ತೆಗೆದಿರಿಸಿದೆ. ಅವುಗಳಲ್ಲಿ ಕನ್ನಡದವೂ ಬೇಕಾದಷ್ಟು ಇವೆ. ಈಗ ಇಂಟರ್‌ನೆಟ್ ಆರ್ಕೈವಿನಲ್ಲಿ ಯಾರು ಬೇಕಾದರೂ ಓದಬಹುದು. ತೊಡಕು ಬಂದದ್ದು ಮೌಸಿನಿಂದ. ಮೌಸ್ ಹಿಡಿದವನು ಗುರಿಯಿಡಬೇಕು. ನಡುಗುವ ಕೈಗೆ ಗುರಿಯೇ ಶತ್ರು. ಬಾಣ ಇಲ್ಲಿಗೆಂದರೆ ಅಲ್ಲಿಗೆ ಹೋಗಿ, ತೆರೆದ ಪುಸ್ತಕ ಮುಚ್ಚಿ, ಬೇಡದ್ದು ಯಾವುದೋ ತೆರೆಯುವುದು. ಕೀಲಿಮಣೆ ಕೊಟ್ಟೆ, ನೂರು ಕೀಲಿಗಳ ನಡುವೆ ಒಂದನ್ನು ಒತ್ತಲು ಹೋದರೆ ಪಕ್ಕದ್ದೂ ಸೇರಿ ಒತ್ತಿತು. ಬೆರಳು ತಾಗಿಸುವ ಫೋನಿನ ಪರದೆಯಂತೂ ಇನ್ನೂ ಕಷ್ಟ. ನಾಲ್ಕು ದಿನ ಪ್ರಯತ್ನಿಸಿ ಅಪ್ಪ, “ಇರಲಿ ಬಿಡಪಾ, ಓದಿದ್ದು ಸಾಕು,” ಎಂದರು. ಸದಾ ಓದುವವರ ಬಾಯಲ್ಲಿ ಈ ಮಾತು ಕೇಳಿ ನನ್ನ ಮನಸ್ಸಿಗೆ ಹೇಗಾಗಿರಬೇಡ!

ಆ ರಾತ್ರಿ ಮೇಜಿನ ಖಾನೆಯಲ್ಲಿದ್ದ ರಿಮೋಟನ್ನು ಸುಮ್ಮನೆ ಕೈಗೆತ್ತಿಕೊಂಡೆ. ಎರಡು ಕೈಗಳಿಂದ ಹಿಡಿದರೆ ಒಂದು ಕೈಗೆ ಇನ್ನೊಂದು ಆಸರೆ. ಮಡಿಲ ಮೇಲೆ ಊರಿಕೊಂಡರೆ ನಡುಕ ಅರ್ಧ ಅಲ್ಲಿಗೇ ನಿಂತಿತು. ಗುರಿಯಿಡುವ ಮಾತೇ ಇಲ್ಲ, ಹೆಬ್ಬೆರಳು ಒತ್ತಿದರಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇದೆಯಷ್ಟೆ. ಅಟ್ಟದ ಗಿಡದ ಮಾತೂ ಅದೇ.

ಆದರೆ ಈ ರಿಮೋಟು ಕಂಪ್ಯೂಟರಿಗೆ ಜೋಡಿಸಲು ಬರುವಂಥದಲ್ಲ. ಅದನ್ನು ನಾನು ಹದಿನೈದನೆಯ ವಯಸ್ಸಿನಲ್ಲಿಯೇ ನಷ್ಟ ತೆತ್ತು ಕಲಿತಿದ್ದೆ. ಆಗ ನಮ್ಮ ಮನೆಗೆ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ಬಂದಿತ್ತು. ಅದರ ಬೆನ್ನಿಗೆ ಒಂಬತ್ತು ಕಡ್ಡಿಗಳ ಒಂದು ಮೂತಿ. ನಮ್ಮ ರಿಮೋಟಿನ ತಂತಿಯ ತುದಿಗೆ ಒಂಬತ್ತು ತೂತುಗಳ ಮೂತಿ. ಇದಕ್ಕಿಂತ ಒಳ್ಳೆಯ ಜಾತಕ ಹೊಂದಾಣಿಕೆ ಉಂಟೇ? ಚುಚ್ಚಿದೆ, ಸರಿಯಾಗಿ ಕೂತಿತು. ಕಂಪ್ಯೂಟರು ಏನೂ ಹೇಳಲಿಲ್ಲ. ಮರಳಿ ಆಟದ ಯಂತ್ರಕ್ಕೆ ಚುಚ್ಚಿದರೆ ರಿಮೋಟೂ ಏನೂ ಹೇಳಲಿಲ್ಲ. ಎರಡು ರಿಮೋಟುಗಳಲ್ಲಿ ಒಂದು ಹೀಗೆ ಹೋಯಿತು.

ಕಾರಣ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆ ಒಂಬತ್ತು ಕಡ್ಡಿಯ ಮೂತಿಯನ್ನು ಬಳಸಿದವರು ಒಬ್ಬರಲ್ಲ. ೧೯೭೭ರ ಅಟಾರಿ ಯಂತ್ರದಲ್ಲಿ ಅದೇ, ೧೯೮೮ರ ಸೇಗಾ ಮೆಗಾ ಡ್ರೈವಿನಲ್ಲಿ ಅದೇ, ನಮ್ಮ ಅಗ್ಗದ ಯಂತ್ರಗಳಲ್ಲಿ ಅದೇ, ಕಂಪ್ಯೂಟರಿನ ಸೀರಿಯಲ್ ಪೋರ್ಟಿನಲ್ಲಿಯೂ ಅದೇ. ರಿಮೋಟು ಐದು ವೋಲ್ಟಿನ ಮೇಲೆ ಬದುಕುವ ಪ್ರಾಣಿ. ಸೀರಿಯಲ್ ಪೋರ್ಟಿನ ತಂತಿಗಳಲ್ಲಿ ಹನ್ನೆರಡು ವೋಲ್ಟಿನವರೆಗೆ, ಅದೂ ಸೊನ್ನೆಗಿಂತ ಮೇಲಕ್ಕೂ ಕೆಳಕ್ಕೂ, ವಿದ್ಯುತ್ತು ಓಡಾಡುವುದುಂಟು. ಮೂತಿ ಹೊಂದಿದ ಮಾತ್ರಕ್ಕೆ ಮಾತು ಹೊಂದಬೇಕೆಂದಿಲ್ಲ. ಹಳೆಯ ರಿಮೋಟಿಗೆ ಕೈ ಹಾಕುವವರು ಮೊದಲು ಮನನ ಮಾಡಬೇಕಾದ ಸೂತ್ರ ಇದೊಂದೇ.

ಹಾಗಾದರೆ ರಿಮೋಟಿನ ಮಾತು ಎಂಥದು? ಅದರಲ್ಲಿ ಮುಖ್ಯವಾದ ಗುಂಡಿಗಳು ಎಂಟು: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮತ್ತು ನಾಲ್ಕು ದಿಕ್ಕುಗಳು. ಎಂಟಕ್ಕೂ ಒಂದೊಂದು ತಂತಿ ಎಳೆದಿದ್ದರೆ ತಂತಿ ಹಗ್ಗದಷ್ಟು ದಪ್ಪವಾಗುತ್ತಿತ್ತು, ಬೆಲೆಯೂ ಏರುತ್ತಿತ್ತು. ಅದಕ್ಕಾಗಿ ಐದೇ ತಂತಿಗಳಲ್ಲಿ ಕೆಲಸ ಮುಗಿಸಿದ್ದಾರೆ. ಎರಡು ವಿದ್ಯುತ್ತಿಗೆ ಹೋದವು. ಮಾತಿಗೆ ಉಳಿದವು ಮೂರು. ಈ ಏರ್ಪಾಡನ್ನು ಕಚೇರಿಯ ಹಾಜರಿಗೆ ಹೋಲಿಸಿದರೆ ಸುಲಭವಾಗಿ ತಿಳಿದೀತು.

ಒಂದು ಕಚೇರಿಯಲ್ಲಿ ಎಂಟು ಮಂದಿ ಗುಮಾಸ್ತರು ಸಾಲಾಗಿ ಕುಳಿತಿದ್ದಾರೆಂದು ಭಾವಿಸಿ. ಸಾಹೇಬರು ಮೊದಲು ಗಂಟೆ ಬಾರಿಸುತ್ತಾರೆ. ಆ ಕ್ಷಣದಲ್ಲಿ ಯಾರು ಕುರ್ಚಿಯಲ್ಲಿದ್ದರು, ಯಾರು ಚಹಕ್ಕೆ ಹೋಗಿದ್ದರು ಎಂಬುದು ದಾಖಲಾಗುತ್ತದೆ. ಇದು ಮೊದಲನೆಯ ತಂತಿಯ ಕೆಲಸ. ಆಮೇಲೆ ಸಾಹೇಬರು ಮೇಜನ್ನು ಒಂದೊಂದು ಸಲ ತಟ್ಟಿದಂತೆ ಸರದಿ ಮುಂದಿನವನಿಗೆ ಸಾಗುತ್ತದೆ. ಇದು ಎರಡನೆಯ ತಂತಿ. ಸರದಿ ಬಂದವನು ‘ಹಾಜರ್’ ಎನ್ನುತ್ತಾನೆ, ಇಲ್ಲವೆ ಸುಮ್ಮನಿರುತ್ತಾನೆ; ಆ ಉತ್ತರವನ್ನು ಒಯ್ಯುವುದು ಮೂರನೆಯ ತಂತಿ. ಎಂಟು ಉತ್ತರ ಬಂದರೆ ಹಾಜರಿ ಮುಗಿಯಿತು. ಮೂಲ ನಿಂಟೆಂಡೋ ರಿಮೋಟುಗಳಲ್ಲಿ ಈ ಹಾಜರಿ ಪುಸ್ತಕವನ್ನು ಹಿಡಿದಿರುವುದು ೪೦೨೧ ಎಂಬ ಅಂಕಿಯ ಒಂದು ಪುಟ್ಟ ಚಿಪ್ಪು. ಅಗ್ಗದ ನಕಲುಗಳಲ್ಲಿ ಅದರ ಬದಲು ಕರಿಯ ಅರಗಿನ ಬೊಟ್ಟಿನಂಥದೊಂದು ಕಾಣುವುದು; ಚಿಪ್ಪು ಅದರಡಿಯಲ್ಲಿ ಇರುತ್ತದೆ. ಆಟ ನಡೆದಿರುವಾಗ ಇಂಥ ಹಾಜರಿ ಸೆಕೆಂಡಿಗೆ ಐವತ್ತು ಅರವತ್ತು ಸಲ ಆಗುತ್ತದೆ. ನಮ್ಮ ಕಚೇರಿಯಲ್ಲಿ ದಿನಕ್ಕೊಂದು ಸಲವಾಗುವುದೇ ಪ್ರಯಾಸ!

ಇಲ್ಲಿ ಒಂದು ವಿಚಿತ್ರವುಂಟು. ಗುಂಡಿ ಒತ್ತಿದಾಗ ತಂತಿಯಲ್ಲಿ ವಿದ್ಯುತ್ತು ಇರುವುದಿಲ್ಲ, ಬಿಟ್ಟಾಗ ಇರುತ್ತದೆ. ಎಂದರೆ ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ಈ ಉಲ್ಟಾ ಲೆಕ್ಕವನ್ನು ಮರೆತದ್ದರಿಂದ ನನಗಾದ ಫಜೀತಿಯನ್ನು ಮುಂದೆ ಹೇಳುತ್ತೇನೆ.

ರಿಮೋಟಿಗೆ ಬಲ್ಲದ್ದು ಇಷ್ಟು. ಕಂಪ್ಯೂಟರಿಗೆ ಈ ಮಾತು ಬಾರದು. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಹಿಂದಿನವರೂ ದುಭಾಷಿಗಳನ್ನು ಹುಡುಕಿದ್ದಾರೆ. ೧೯೮೧ರ ಐ.ಬಿ.ಎಂ. ಕಂಪ್ಯೂಟರಿಗೆ ಆಟಕ್ಕಾಗಿಯೇ ಹದಿನೈದು ತೂತಿನ ಒಂದು ಪೋರ್ಟು ದೊರೆಯುತ್ತಿತ್ತು. ಅದು ಕೋಲು ಎಷ್ಟು ವಾಲಿತೆಂದು ಅಳೆಯುವ ಪೋರ್ಟು. ಹಾಜರಿ ಕೂಗಲು ಅದಕ್ಕೆ ಬಾರದು. ೧೯೯೦ರ ದಶಕದ ಹವ್ಯಾಸಿಗಳು ಪ್ರಿಂಟರಿಗೆಂದು ಇದ್ದ ಇಪ್ಪತ್ತೈದು ತೂತಿನ ಪೋರ್ಟನ್ನು ಹಿಡಿದರು. ಅದರ ಒಂದೊಂದು ತಂತಿಯನ್ನೂ ಪ್ರತ್ಯೇಕವಾಗಿ ಏರಿಸಿ ಇಳಿಸಬಹುದಾದ್ದರಿಂದ ಗಂಟೆ ಬಾರಿಸುವುದೂ ಮೇಜು ತಟ್ಟುವುದೂ ಸಾಧ್ಯವಾಯಿತು. ರಿಮೋಟಿಗೆ ಬೇಕಾದ ವಿದ್ಯುತ್ತನ್ನೂ ಅದೇ ತಂತಿಗಳಿಂದ ಡಯೋಡುಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಂಡರು. ವಿಂಡೋಸಿಗೆ ‘ಡೈರೆಕ್ಟ್‌ಪ್ಯಾಡ್ ಪ್ರೊ’, ಲಿನಕ್ಸಿಗೆ ‘ಗೇಮ್‌ಕಾನ್’ ಎಂಬ ಪ್ರೋಗ್ರಾಮುಗಳು ಇದಕ್ಕಾಗಿಯೇ ಹುಟ್ಟಿದವು. ಈಗಿನ ಮನೆ ಕಂಪ್ಯೂಟರುಗಳಲ್ಲಿ ಆ ಪೋರ್ಟು ಕಾಣುವುದು ಅಪರೂಪ.

ಈಗಿರುವುದು ಯು.ಎಸ್.ಬಿ. ಅದರ ಮೊದಲ ನಿಯಮಾವಳಿ ಹೊರಬಂದದ್ದು ೧೯೯೬ರಲ್ಲಿ. ಇದು ಬಹಳ ಶಿಸ್ತಿನ ದ್ವಾರ. ಒಳಗೆ ಬರುವವನು ತಾನಾರು, ತನ್ನ ಕೆಲಸವೇನು ಎಂದು ಬಾಗಿಲಲ್ಲಿಯೇ ಹೇಳಿಕೊಳ್ಳಬೇಕು. ‘ನಾನು ಕೀಲಿಮಣೆ’ ಎಂದು ಸರಿಯಾದ ಕ್ರಮದಲ್ಲಿ ಹೇಳಿದವನನ್ನು ಕಂಪ್ಯೂಟರು ಮರುಪ್ರಶ್ನೆಯಿಲ್ಲದೆ ಒಳಗೆ ಬಿಡುತ್ತದೆ. ಇನ್ನೊಂದು ಅನುಕೂಲವೆಂದರೆ ಈ ದ್ವಾರದಲ್ಲಿ ದೊರೆಯುವ ವಿದ್ಯುತ್ತು ಐದು ವೋಲ್ಟು. ನಮ್ಮ ರಿಮೋಟಿನ ಆಹಾರವೂ ಅಷ್ಟೇ.

ಹೀಗೆ ‘ನಾನು ಕೀಲಿಮಣೆ’ ಎಂದು ಹೇಳಬಲ್ಲ ಬೆರಳಗಲದ ಸರ್ಕೀಟು ಹಲಗೆಗಳು ಪೇಟೆಯಲ್ಲಿ ಸಿಗುತ್ತವೆ. ನಾನು ತಂದದ್ದು ‘ಪ್ರೊ ಮೈಕ್ರೊ’ ಎಂಬ ಹೆಸರಿನದು. ಅದರ ಮೇಲಿನ ಚಿಪ್ಪು ಎ.ಟಿ.ಮೆಗಾ ೩೨ಯು೪. ಆರ್ಡುಯಿನೊ ಎಂಬ ಹೆಸರಿನ ಹಲಗೆಗಳೆಲ್ಲ ಒಂದೇ ಎಂದು ತಿಳಿದು ‘ಊನೊ’ ಕೊಳ್ಳಬೇಡಿ. ಆರ್ಡುಯಿನೊ ಊನೊದ ಸಾಮಾನ್ಯ ಮಾದರಿಯ ಮುಖ್ಯ ಚಿಪ್ಪಿಗೆ ನೇರವಾಗಿ ಯು.ಎಸ್.ಬಿ. ಮಾತಾಡಲು ಬಾರದು. ಕೋಠಿಯ ಗುಜರಾತಿ ಗಲ್ಲಿಗೆ ಶನಿವಾರ ಹೋದೆ. ರೇಡಿಯೋ, ಟಿ.ವಿ. ಬಿಡಿಭಾಗಗಳ ಆ ಓಣಿಯನ್ನು ಕಂಡವರಿಗೆ ವರ್ಣನೆ ಬೇಡ. ಕಾಣದವರು ಒಮ್ಮೆ ಕಾಣಬೇಕು. ಹಲಗೆ, ಒಂಬತ್ತು ಕಡ್ಡಿಯ ಮೂತಿ, ಗಜ ತಂತಿ, ಬೆಸುಗೆ ಹಾಕುವ ಸೀಸ, ಎಲ್ಲವೂ ಸೇರಿ ನಾಲ್ಕು ಜನ ಹೋಟೆಲಿಗೆ ಹೋಗಿ ಉಂಡು ಬರುವ ಖರ್ಚಿಗಿಂತ ಕಡಿಮೆಯಾಯಿತು.

ಮನೆಯಲ್ಲಿ ರಿಮೋಟಿನ ಬೆನ್ನಿನ ತಿರುಪುಗಳನ್ನು ಬಿಚ್ಚಿದೆ. ಒಳಗೆ ಮೂವತ್ತು ವರ್ಷಗಳ ಧೂಳು. ಅದರೊಂದಿಗೆ ಬಾಲ್ಯದಲ್ಲಿ ತಿಂದ ಯಾವುದೋ ತಿಂಡಿಯ ಅವಶೇಷ. ಗುಂಡಿಗಳ ಕೆಳಗಿನ ರಬ್ಬರನ್ನೂ ಅದು ತಾಗುವ ಕಪ್ಪು ಬಿಲ್ಲೆಗಳನ್ನೂ ಔಷಧದ ಅಂಗಡಿಯ ಸ್ಪಿರಿಟ್ಟಿನಿಂದ ಮೆಲ್ಲಗೆ ಒರೆಸಿದೆ. ಹಳೆಯ ರಿಮೋಟುಗಳ ಎಷ್ಟೋ ರೋಗಗಳು ಇಷ್ಟಕ್ಕೇ ವಾಸಿಯಾಗುತ್ತವೆ. ಆಮೇಲೆ ಯಾವ ತಂತಿ ಯಾವುದೆಂದು ಗುರುತಿಸಬೇಕು. ತಂತಿಯ ಬಣ್ಣವನ್ನು ನಂಬಬಾರದು. ನಕಲು ಮಾಡಿದವನು ಆ ದಿನ ಯಾವ ಬಣ್ಣ ಕೈಗೆ ಸಿಕ್ಕಿತೋ ಅದನ್ನೇ ಹಾಕಿರುತ್ತಾನೆ. ಎಲ್ಲ ಗುಂಡಿಗಳ ಒಂದು ಮಗ್ಗುಲು ಯಾವ ತಂತಿಗೆ ಸೇರಿದೆಯೋ ಅದೇ ನೆಲದ ತಂತಿ. ಅಲ್ಲಿಂದ ಮಲ್ಟಿಮೀಟರು ಹಿಡಿದು ಒಂದೊಂದಾಗಿ ಹುಡುಕುತ್ತ ಹೋದೆ. ಕಬಾಡಿಗೆ ಕೊಟ್ಟ ಆ ಸತ್ತ ಯಂತ್ರ ಇದ್ದಿದ್ದರೆ ಅದರ ಸಾಕೆಟ್ಟನ್ನು ನೋಡಿ ಗುರುತು ಬೇಗ ಸಿಗುತ್ತಿತ್ತು. ಈ ಮಾತನ್ನು ಮನೆಯಲ್ಲಿ ಜೋರಾಗಿ ಹೇಳಲಿಲ್ಲ.

ಬಿ.ಎ. ಓದಿ ಗುಮಾಸ್ತಗಿರಿ ಮಾಡುವವನಿಗೆ ಪ್ರೋಗ್ರಾಮು ಬರೆಯುವುದು ಬಂದೀತೇ ಎಂಬ ಅಳುಕು ಇತ್ತು. ನಿಜ ಹೇಳುವುದಾದರೆ ಅದು ಒಂದು ಸುತ್ತೋಲೆಗಿಂತ ಉದ್ದವಾಗಲಿಲ್ಲ. ಗಂಟೆ ಬಾರಿಸು, ಎಂಟು ಸಲ ತಟ್ಟಿ ಉತ್ತರ ಬರೆದುಕೋ, ‘ಬಲ’ ಹಾಜರಿದ್ದರೆ ಮುಂದಿನ ಪುಟದ ಕೀಲಿ ಒತ್ತಿದಂತೆ ಹೇಳು, ‘ಎಡ’ ಹಾಜರಿದ್ದರೆ ಹಿಂದಿನ ಪುಟದ್ದು, ಎ ಗುಂಡಿ ಅಕ್ಷರ ಹಿಗ್ಗಿಸಲಿ, ಬಿ ಗುಂಡಿ ಕುಗ್ಗಿಸಲಿ. ಇಷ್ಟೇ ಆದೇಶ.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ರಿಮೋಟನ್ನು ಕೈಗಿತ್ತೆ.

“ಏನಪಾ, ಹುಡುಗರ ಆಟದ ಸಾಮಾನು ನನ್ನ ಕೈಯಾಗ ಕೊಡ್ಲಿಕತ್ತೀ?”

“ಒತ್ತಿ ನೋಡ್ರಿ ಅಪ್ಪಾ.”

ಅವರು ಒತ್ತುವ ಮೊದಲೇ ಮುನ್ನೂರು ಪುಟದ ಗ್ರಂಥ ಗಾಳಿಗೆ ಸಿಕ್ಕ ತರಗೆಲೆಯಂತೆ ಓಡತೊಡಗಿ ಕಡೆಯ ಪುಟಕ್ಕೆ ಹೋಗಿ ನಿಂತಿತು. ಒತ್ತಿದರೆ ಸೊನ್ನೆ ಎಂಬುದನ್ನು ನಾನು ಮರೆತಿದ್ದೆ. ಎಂಟೂ ಗುಂಡಿಗಳನ್ನು ಯಾರೋ ಒತ್ತಿ ಹಿಡಿದಿದ್ದಾರೆಂದು ದುಭಾಷಿ ತಪ್ಪಾಗಿ ತಿಳಿದಿತ್ತು. “ಭಾಳ ಚಲೋ ಆಯ್ತು. ಓದೋದೇ ಬ್ಯಾಡ, ತಾನೇ ಓದಿ ಮುಗಿಸ್ತದ,” ಎಂದು ಅಪ್ಪ ನಕ್ಕರು. ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದು ಅದೇ.

ಅದನ್ನು ತಿದ್ದಿದ ಮೇಲೆ ಇನ್ನೊಂದು ತೊಡಕು ಕಂಡಿತು. ನಡುಗುವ ಹೆಬ್ಬೆರಳು ಒಂದು ಸಲ ಒತ್ತಲು ಹೋಗಿ ಎರಡು ಮೂರು ಸಲ ಒತ್ತುವುದು. ಒಂದರ ಬದಲು ಮೂರು ಪುಟ ಹಾರುವುದು. ಆಗ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಒಮ್ಮೆ ಒತ್ತಿದ ಮೇಲೆ ಅರ್ಧ ಸೆಕೆಂಡು ಕಳೆಯುವ ತನಕ ಮತ್ತೆ ಒತ್ತಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಆ ಅರ್ಧ ಸೆಕೆಂಡೇ ಇಡೀ ಕೆಲಸದ ಸಾರವೆಂದು ನನಗೆ ಈಗ ಅನಿಸುತ್ತದೆ. ಇದೇ ಉಪಾಯ ಸಾಮಾನ್ಯ ಕೀಲಿಮಣೆಗೂ ವಿಂಡೋಸಿನಲ್ಲಿ ‘ಫಿಲ್ಟರ್ ಕೀಸ್’ ಎಂಬ ಹೆಸರಿನಿಂದ ಇದೆ. ಮನೆಯಲ್ಲಿ ಕೈನಡುಕದವರಿದ್ದರೆ ಏನೂ ಕೊಳ್ಳದೆ ಇವತ್ತೇ ಅದನ್ನು ಪ್ರಯತ್ನಿಸಿ ನೋಡಬಹುದು.

ದೊಡ್ಡ ಕಂಪನಿಗಳಿಗೂ ಈ ಅಗತ್ಯ ತಡವಾಗಿಯಾದರೂ ಹೊಳೆದಿದೆ. ಮೈಕ್ರೋಸಾಫ್ಟಿನವರು ೨೦೧೮ರಲ್ಲಿ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ಎಂಬುದನ್ನು ಹೊರತಂದರು. ಕೈಕಾಲು ಸ್ವಾಧೀನವಿಲ್ಲದವರು ತಮ್ಮ ಅನುಕೂಲಕ್ಕೆ ತಕ್ಕ ಗುಂಡಿ, ಪೆಡಲುಗಳನ್ನು ಅದಕ್ಕೆ ಚುಚ್ಚಿಕೊಳ್ಳಬಹುದು. ಸೋನಿಯವರ ಇಂಥದೇ ಸಾಧನ ೨೦೨೩ರಲ್ಲಿ ಬಂದಿತು. ಒಳ್ಳೆಯ ವಸ್ತುಗಳೇ, ಆದರೆ ಅವುಗಳ ಬೆಲೆ ನಮ್ಮಂಥವರ ತಿಂಗಳ ಲೆಕ್ಕದಲ್ಲಿ ಸುಲಭವಾಗಿ ಕೂಡುವಂಥದಲ್ಲ.

ಇನ್ನು ವಾಚಕರಲ್ಲಿ ಯಾರಿಗಾದರೂ ಮನಸ್ಸಾದರೆ ಎರಡು ವ್ಯವಹಾರದ ಮಾತು. ಎಲ್ಲ ರಿಮೋಟಿಗೂ ಬೆಸುಗೆಯ ಕಷ್ಟವಿಲ್ಲ. ೨೦೦೫ರ ಎಕ್ಸ್‌ಬಾಕ್ಸ್ ೩೬೦ರ ತಂತಿಯುಳ್ಳ ರಿಮೋಟು ಯು.ಎಸ್.ಬಿ.ಯದೇ; ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ಸಾಕು. ಪ್ಲೇಸ್ಟೇಷನ್ ಒಂದು ಮತ್ತು ಎರಡರ ರಿಮೋಟುಗಳಿಗೆ ತಯಾರಾದ ಯು.ಎಸ್.ಬಿ. ಕನ್ವರ್ಟರುಗಳು ಮಾರಾಟಕ್ಕಿವೆ. ಆದರೆ ಅವು ಕಂಪ್ಯೂಟರಿಗೆ ಆಟದ ರಿಮೋಟಾಗಿಯೇ ಕಾಣುತ್ತವೆ. ಪುಟ ತಿರುವಲು ಬಳಸುವುದಾದರೆ ಗುಂಡಿಗಳನ್ನು ಕೀಲಿಗಳಾಗಿ ಬದಲಿಸುವ ಪ್ರೋಗ್ರಾಮೊಂದನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕು. ಒಂಬತ್ತು ತೂತಿನವುಗಳಿಗೆ ಮಾತ್ರ ಮೇಲೆ ಹೇಳಿದ ದಾರಿ. ತಂತಿ ಗುರುತಿಸದೆ ವಿದ್ಯುತ್ತು ಕೊಡಬೇಡಿ. ರಬ್ಬರು ಹರಿದು, ಹಲಗೆ ತುಕ್ಕು ಹಿಡಿದದ್ದಿದ್ದರೆ ಅದರ ಹಿಂದೆ ಬೀಳದೆ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಇನ್ನೊಂದನ್ನು ಹುಡುಕುವುದು ಮೇಲು.

ಅಪ್ಪ ಈಗ ಬೆಳಿಗ್ಗೆ ಕನ್ನಡ ಪತ್ರಿಕೆ, ಮಧ್ಯಾಹ್ನ ಹಳೆಯ ಕಾದಂಬರಿ, ಹೀಗೆ ಓದುತ್ತಾರೆ. ನಡುಕ ಇದ್ದೇ ಇದೆ, ಇದೇನೂ ಔಷಧಿಯಲ್ಲ. ಮೊನ್ನೆ ನನ್ನ ಮಗ ಅವರ ಪಕ್ಕದಲ್ಲಿ ಕುಳಿತು, ಆ ಪುಟ್ಟ ಹಲಗೆ ಏನು ಮಾಡುತ್ತದೆ ಅಜ್ಜಾ ಎಂದು ಕೇಳಿದ. ಅಪ್ಪ ರಿಮೋಟನ್ನು ಮಡಿಲಲ್ಲಿಟ್ಟು ಹೇಳಿದರು: “ನಮ್ಮಪ್ಪ ಮಾಡ್ತಿದ್ದ ಕೆಲಸಾನೇ ಮಾಡ್ತದ.”

ನನಗೂ ಅರ್ಥವಾಗಲಿಲ್ಲ. ಆಗ ಅವರು ವಿವರಿಸಿದರು. ನಮ್ಮಜ್ಜ ಕಲಬುರಗಿಯ ಕಚೇರಿಯೊಂದರ ಮುಂದೆ ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಬರೆಯುತ್ತಿದ್ದರಂತೆ. ಅದು ನಿಜಾಮರ ಕಾಲ. ಸರಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ. ಹಳ್ಳಿಯಿಂದ ಬಂದ ರೈತನಿಗೆ ಕನ್ನಡ ಬಿಟ್ಟರೆ ಬೇರೊಂದು ಬಾರದು. ಅವನು ಹೊಲದ ಕಷ್ಟವನ್ನು ಕನ್ನಡದಲ್ಲಿ ಹೇಳುವನು, ಅಜ್ಜ ಅದನ್ನು ಉರ್ದುವಿನಲ್ಲಿ ಬರೆಯುವರು, ಅರ್ಜಿ ಒಳಗೆ ಹೋಗುವುದು. ಒಳಗಿದ್ದ ಸಾಹೇಬರು ರೈತನ ಮುಖ ನೋಡಿದವರಲ್ಲ, ರೈತ ಸಾಹೇಬರ ಭಾಷೆ ಕಲಿತವನಲ್ಲ. ಆದರೂ ಕೆಲಸ ನಡೆಯಿತು.

“ಇಬ್ಬರಾಗ ಯಾರೂ ಬದಲಾಗಬೇಕಾಗಿಲ್ಲ ತಮ್ಮಾ,” ಎಂದರು ಅಪ್ಪ ಮೊಮ್ಮಗನಿಗೆ. “ನಡುವ ಒಬ್ಬ ಕುಂತಿರಬೇಕು.” ಎಂದವರೇ ಬಲಗಡೆಯ ಗುಂಡಿ ಒತ್ತಿ ಮುಂದಿನ ಪುಟಕ್ಕೆ ಹೋದರು.